ಕಷಾಯದ ನೆಂಟ

ಹೋದ ಡಿಸೆಂಬರಿನಲ್ಲಿ ಊರಿಂದ ಬಂದಿದ್ದ ಅಮ್ಮ, ನಾನು ಮನೆಯಲ್ಲೇ ಮಾಡಿದ ಬಿಯರಿನ ಲೋಟವನ್ನು ಮೂಗಿನ ಹತ್ತಿರ ಹಿಡಿದು, "ಯಾರಿಗೋ ಶೀತ?" ಎಂದಳು.

ಅವಳ ತಪ್ಪಲ್ಲ. ಶುಂಠಿ, ಚಕ್ಕೆ, ಲವಂಗ, ಜಾಯಿಕಾಯಿ, ಕೊತ್ತಂಬರಿ ಬೀಜ, ಏಲಕ್ಕಿ: ಚಳಿಗಾಲದ ಮಸಾಲೆ ಬಿಯರಿನ ಸಾಮಾನು ಅರ್ಧ ಕಷಾಯದ ಪುಡಿ, ಅರ್ಧ ಪಾಯಸ. ಅಮೆರಿಕದವರ ಮೂಗಿಗೆ ಈ ಘಮ ಬಿದ್ದರೆ ಕ್ರಿಸ್‌ಮಸ್ ಬಂತು. ಸಕಲೇಶಪುರದ ಜಡಿಮಳೆಯಲ್ಲಿ ಬೆಳೆದ ನನಗೆ ಬರುವುದು ಕೆಮ್ಮಿನ ನೆನಪು, ಕಂಬಳಿ, ಶಾಲೆಗೆ ಚಕ್ಕರ್.

ಅದೂ ಹಬ್ಬವೇ ಎಂದು ನನ್ನ ಮೂಗಿಗೆ ಕಲಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ. 1975ರಿಂದ ಅವರು ವರ್ಷಕ್ಕೊಂದು ಕ್ರಿಸ್‌ಮಸ್ ಏಲ್ ಬಿಡುತ್ತಿದ್ದರು. ಪ್ರತಿ ಸಲ ಪಾಕ ಬೇರೆ, ಲೇಬಲ್ಲಿನ ಮೇಲಿನ ಮರವೂ ಬೇರೆ. ಏನೇನು ಹಾಕಿದ್ದೀರಿ ಎಂದರೆ ಮಾತ್ರ ಅಡುಗೆ ಭಟ್ಟರ ಸಾರಿನಪುಡಿಯಂಥ ಮೌನ. ಜಾಯಿಕಾಯಿಯೋ ಸ್ಪ್ರೂಸ್ ಚಿಗುರೋ ಎಂದು ನಾವು ಗೆಳೆಯರು ಜಗಳವಾಡುತ್ತಲೇ ಬಾಟಲಿ ಖಾಲಿ ಮಾಡುತ್ತಿದ್ದೆವು. 2023ರಲ್ಲಿ ಬ್ರೂವರಿ ಬಾಗಿಲು ಹಾಕಿತು. ಆ ಅಕ್ಟೋಬರಿನಲ್ಲಿ ನಾನೇ ಒಲೆ ಹಚ್ಚಿದೆ. ಕಳ್ಳಭಟ್ಟಿಯೇನಲ್ಲ, 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಂತೆ ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಅಪ್ಪಣೆಯಿದೆ. ಮಾರುವಂತಿಲ್ಲ, ಅಷ್ಟೇ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು 66 ಡಿಗ್ರಿಯ ಬಿಸಿನೀರಲ್ಲಿ ಗಂಟೆ ಹೊತ್ತು ಇಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರನ್ನು ಕಹಿ ಕೊಡುವ ಹಾಪ್ಸ್ ಹೂವಿನ ಜೊತೆ ಇನ್ನೊಂದು ಗಂಟೆ ಕುದಿಸಬೇಕು. ಒಲೆ ಆರಿಸಲು ಐದು ನಿಮಿಷವಿದೆ ಎನ್ನುವಾಗ ಮಸಾಲೆ. ಮೊದಲೇ ಹಾಕಿದರೆ ಘಮವೆಲ್ಲ ಹಬೆಯ ಪಾಲು. ಆಮೇಲೆ ಯೀಸ್ಟು, ಎರಡು ವಾರ ಹುದುಗು, ಬಾಟಲಿಯಲ್ಲಿ ಚಿಟಿಕೆ ಸಕ್ಕರೆಯೊಂದಿಗೆ ಇನ್ನೆರಡು ವಾರ.

ನನ್ನ ಕೈ ತಪ್ಪಿದ್ದು ಆ ಐದು ನಿಮಿಷದಲ್ಲಿ. ಊರಿನ ತೋಟದ ಹಸಿರು ಏಲಕ್ಕಿ, ಜಿಪುಣತನ ಯಾಕೆ ಎಂದು 19 ಲೀಟರಿಗೆ ಒಂದು ಹಿಡಿ ಕುಟ್ಟಿ ಸುರಿದೆ. ಎರಡು ಮೂರು ಗ್ರಾಂ ಸಾಕಿತ್ತು. ಹೋಳಿಗೆಯ ಹೂರಣಕ್ಕೆ ನೊರೆ ಬರಿಸಿದಂತಾಯಿತು. ಗೆಳೆಯರು ಸಭ್ಯರು, ಅರ್ಧ ಲೋಟ ಕುಡಿದು ಹವಾಮಾನದ ಮಾತೆತ್ತಿದರು. ಮರುವರ್ಷದಿಂದ ಮಸಾಲೆಯನ್ನು ವೋಡ್ಕಾದಲ್ಲಿ ನೆನೆಹಾಕಿ, ಬಾಟಲಿ ತುಂಬುವ ದಿನ ರುಚಿ ನೋಡುತ್ತ ಹನಿಹನಿಯಾಗಿ ಬೆರೆಸುತ್ತೇನೆ.

ಜರ್ಮನಿಯ ಬವೇರಿಯದವರು ಇಂಥ ಉಸಾಬರಿಯೇ ಬೇಡವೆಂದು 1516ರಲ್ಲೇ ಕಟ್ಟಳೆ ಮಾಡಿದ್ದರು: ಬಾರ್ಲಿ, ಹಾಪ್ಸ್, ನೀರು ಬಿಟ್ಟು ಇನ್ನೇನೂ ಕೂಡದು. ತಮಾಷೆಯೆಂದರೆ ಅಲ್ಲಿನ ಗೋಧಿ ಬಿಯರಿನಲ್ಲಿ ಲವಂಗ ಘಮ್ಮೆನ್ನುತ್ತದೆ, ಒಂದೇ ಒಂದು ಲವಂಗ ಹಾಕದೆ. ಎಲ್ಲ ಯೀಸ್ಟಿನ ಕಿತಾಪತಿ. ಮಡಿ ಅಡುಗೆಮನೆಯಲ್ಲಿ ಎಲ್ಲಿಂದಲೋ ಈರುಳ್ಳಿ ವಾಸನೆ ಬಂದ ಹಾಗೆ.

ಅಮ್ಮ ಲೋಟ ಕೆಳಗಿಡಲಿಲ್ಲ. ಈ ಬಿಯರನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯಬಾರದು. ಚಳಿ ಬಿಟ್ಟ ಮೇಲೆಯೇ ಚಕ್ಕೆ, ಶುಂಠಿ ಒಂದೊಂದಾಗಿ ಏಳುವುದು. ಅವಳಿಗೆ ಅದು ಹೇಳದೆಯೇ ಗೊತ್ತಿದ್ದಂತಿತ್ತು. ಅರ್ಧ ಗಂಟೆ ಅಂಗೈಯಲ್ಲೇ ಹಿಡಿದು ಕೂತಿದ್ದು, ಕೊನೆಗೆ ತುಟಿ ಸೋಕಿಸಿ, "ಮೆಣಸು ಹಾಕಲಿಲ್ವೇನೋ?" ಎಂದಳು.

ಈ ಅಕ್ಟೋಬರಿನ ಚೀಟಿಯಲ್ಲಿ ಹತ್ತು ಕಾಳು ಮೆಣಸು ಸೇರಿದೆ.