ಎರಡು ಅಂಕದ ಅಕ್ಷರ

ನಾವು ಮೂವರು. ಬೆಂಗಳೂರಿನಲ್ಲಿ ಒಂದೇ ರೂಮು, ಒಂದೇ ಸ್ಟೌವು. ಊರು ಬೇರೆ ಬೇರೆ, ಕೇರಿ ಒಂದೇ. 2012ರ ಒಂದು ಭಾನುವಾರ ಆಫೀಸಿನ ಗೆಳೆಯನೊಬ್ಬ ಮನೆಗೆ ಆಟಕ್ಕೆ ಕರೆದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಅದರ ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಟ್ಟಿದ ಆಟ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗುತ್ತಾರೆ. ಗೆದ್ದರೋ ಸೋತರೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮಗೆ ಖುಷಿಯಾಯಿತು. ಊರಹಬ್ಬದ ನಾಟಕವನ್ನು ದೂರ ನಿಂತು ನೋಡಿದ ಕೇರಿಯವರು ನಾವು. ಇಲ್ಲಿ ಯಾರು ಬೇಕಾದರೂ ಪಾತ್ರ ಕಟ್ಟಬಹುದು ಅಂದರು.

ಆದರೆ ಪಾತ್ರ ಕಟ್ಟುವ ಮೊದಲೇ ಹುಟ್ಟು ಕೇಳಿದರು. "ಯಾವ ರೇಸು?"

ಮೂವರಿಗೂ ಸೇರಿ ಒಂದೇ ಪಾತ್ರ ಅಂತಾಯಿತು. ಗೆಳೆಯನೇ ಆರಿಸಿದ. "ನಿಮ್ಗೆ ಹಾಫ್ ಆರ್ಕ್ ಸರಿಹೋಗುತ್ತೆ ಕಣ್ರೋ, ಬಲ ಜಾಸ್ತಿ." ಆ ಮಾತಿನಲ್ಲಿ ಕೆಡುಕಿತ್ತೋ ಇಲ್ಲವೋ, ನಾವು ಈಗಲೂ ತೀರ್ಮಾನಿಸಿಲ್ಲ. ಪುಸ್ತಕ ಮಾತ್ರ ಮುಚ್ಚುಮರೆ ಇಲ್ಲದೆ ಹೇಳುತ್ತಿತ್ತು. 2000ದಲ್ಲಿ ಬಂದ ಮೂರನೆಯ ಆವೃತ್ತಿ ಅದು. ಹಾಫ್ ಆರ್ಕ್‌ಗೆ ಬಲದಲ್ಲಿ ಎರಡು ಅಂಕ ಹೆಚ್ಚು, ಬುದ್ಧಿಯಲ್ಲಿ ಎರಡು ಕಡಿಮೆ. ನಾಲ್ಕು ಜನ ಮಾತು ಕೇಳುವಂಥ ವರ್ಚಸ್ಸಿನಲ್ಲೂ ಎರಡು ಕಡಿಮೆ. ಎರಡೇ ತಾನೆ ಅನ್ನಬೇಡಿ. ಎರಡು ಅಂಕ ಹೋದರೆ ದಾಳದ ಒಂದು ಮುಖ ಹೋಯಿತು. ನೂರಕ್ಕೆ ಐದು, ಅದೂ ಉರುಳಿಸಿದಾಗಲೆಲ್ಲ. ಬುದ್ಧಿಯ ಅಂಕ ಇಳಿದದ್ದಕ್ಕೆ ಒಂದೊಂದು ಮೆಟ್ಟಿಲು ಏರುವಾಗಲೂ ವಿದ್ಯೆಯ ಅಂಕದಲ್ಲಿ ಒಂದು ಖೋತಾ.

ಈ ಹುಟ್ಟಿಗೆ ಒಲಿದ ಕಸುಬು ಬಾರ್ಬೇರಿಯನ್ ಅಂತಲೂ ಬರೆದಿತ್ತು. ಕೊಡಲಿ ಹಿಡಿದು ರೊಚ್ಚಿಗೇಳುವವನು. ಆ ಕಸುಬಿಗೆ ಇನ್ನೊಂದು ನಿಯಮ: ಬಾರ್ಬೇರಿಯನ್‌ಗೆ ಓದು ಬರಹ ಬರುವುದಿಲ್ಲ. ಬೇಕಾದರೆ ವಿದ್ಯೆಯ ಅಂಕದಲ್ಲಿ ಎರಡು ತೆತ್ತು ಅಕ್ಷರ ಕೊಳ್ಳಬೇಕು. ಉಳಿದ ಕಸುಬಿನವರಿಗೆ ಅಕ್ಷರ ಪುಕ್ಕಟೆ.

ಆ ಸಾಲು ಓದಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಅವ್ವಂದಿರದು ಹೆಬ್ಬೆಟ್ಟು. ಸೊಸೈಟಿ ಅಂಗಡಿಯಲ್ಲಿ ಮಸಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬರುತ್ತಿದ್ದರು. "ನೀವಾರ ನಾಕಕ್ಸರ ಕಲೀರಪ್ಪಾ" ಅಂತ ಕೂಲಿ ದುಡ್ಡಿನಲ್ಲಿ ಸ್ಲೇಟು ತಂದುಕೊಟ್ಟರು. ಅಕ್ಷರಕ್ಕೆ ಯಾರು ಬೆಲೆ ತೆರುತ್ತಾರೆ, ಯಾರಿಗೆ ಪುಕ್ಕಟೆ ಎಂಬುದನ್ನು ಪುಸ್ತಕ ನೋಡಿ ಕಲಿಯಬೇಕಾದವರಲ್ಲ ನಾವು.

"ನಾವು ಎರಡು ಅಂಕ ಕೊಡ್ತೀವಿ. ನಮ್ಮೋನು ಓದ್ಲಿ" ಅಂದೆವು. ಗೆಳೆಯ ನಕ್ಕ. "ಓದಿ ಏನ್ ಮಾಡ್ತಾನ್ರೋ? ಕೊಡಲಿ ಬೀಸೋನಿಗೆ ಅದ್ಯಾಕೆ?" ಈ ಮಾತನ್ನು ನಾವು ಮೊದಲೇ ಕೇಳಿದ್ದೆವು. ಊರ ಜಗಲಿಗಳ ಮೇಲಿಂದ.

"ಅದು ಆಟ ಕಣ್ರಯ್ಯಾ, ಆರ್ಕು ಎಲ್ಲವ್ನೆ?" ಅನ್ನುವವರಿದ್ದಾರೆ. ಆರ್ಕ್ ಇಲ್ಲ, ನಿಜ. ಪಟ್ಟಿ ಇದೆಯಲ್ಲ, ಗೆಳೆಯರೇ! 1977ರ ಪ್ರಾಣಿ-ರಾಕ್ಷಸರ ಪುಸ್ತಕದಲ್ಲಿ ಆರ್ಕ್‌ನ ಹೆಸರಿನ ಕೆಳಗೆ 'ದುಷ್ಟ' ಅಂತ ಮೊದಲೇ ಅಚ್ಚಾಗಿತ್ತು. 1978ರ ನಿಯಮಪುಸ್ತಕದಲ್ಲಿ ಯಾವ ಕುಲ ಯಾವ ಕುಲವನ್ನು ಸಹಿಸುತ್ತದೆ, ಯಾವುದನ್ನು ದ್ವೇಷಿಸುತ್ತದೆ ಎಂದು ಕೋಷ್ಟಕವೇ ಇತ್ತು. ಮನುಷ್ಯಕುಲಕ್ಕೆ ಸೇರದವರು ಹೆಚ್ಚಿನ ಕಸುಬುಗಳಲ್ಲಿ ಇಷ್ಟೇ ಮೆಟ್ಟಿಲು ಏರಬೇಕು ಎಂಬ ಕಟ್ಟಳೆಯೂ ಇತ್ತು. ಕತ್ತಲಲ್ಲಿ ಕಣ್ಣು ಕಾಣುವುದು, ವಿಷ ತಡೆಯುವುದು ಮೈಯ ಗುಣ, ಇರಲಿ ಬಿಡಿ. ಬುದ್ಧಿಯನ್ನು, ಒಳ್ಳೆಯತನವನ್ನು ಹುಟ್ಟಿಗೆ ಕಟ್ಟಿದರೆ ಅದನ್ನು ಬರೀ ಆಟ ಅನ್ನಲು ನಮಗೆ ಬಾಯಿ ಬರುವುದಿಲ್ಲ.

ಆಟ ಬದಲಾಗಿದೆ, ಸುಳ್ಳು ಹೇಳಬಾರದು. 2014ರ ನಿಯಮಪುಸ್ತಕದಲ್ಲಿ ಕಳೆಯುವ ಅಂಕ ಹೋಯಿತು. 2016ರ ಇನ್ನೊಂದು ಪುಸ್ತಕದಲ್ಲಿ ಆರ್ಕ್‌ನ ಬುದ್ಧಿಗೆ ಮತ್ತೆ ಎರಡು ಕಳೆದರು, 2020ರಲ್ಲಿ ತಿದ್ದಿಕೊಂಡರು. 2022ರಲ್ಲಿ ಹ್ಯಾಡೋಜಿ ಎಂಬ ಕೋತಿಕುಲಕ್ಕೆ ಗುಲಾಮಗಿರಿಯ ಕಥೆ ಬರೆದು, ಬಿಡುಗಡೆಯನ್ನೂ ಬೇರೆಯವರ ಕೈಯಿಂದಲೇ ಕೊಡಿಸಿ, ಬೈಸಿಕೊಂಡ ಮೇಲೆ ಕ್ಷಮೆ ಕೇಳಿ ತೆಗೆದುಹಾಕಿದರು. ಅದೇ ವರ್ಷದ ಕೊನೆಗೆ 'ರೇಸ್' ಎಂಬ ಪದವನ್ನೇ ಬಿಡುತ್ತೇವೆ ಅಂದರು. 2024ರ ಪುಸ್ತಕದಲ್ಲಿ ಅಂಕಗಳು ಹುಟ್ಟನ್ನು ಬಿಟ್ಟು, ಪಾತ್ರ ಬೆಳೆದುಬಂದ ಹಿನ್ನೆಲೆಗೆ ಸೇರಿವೆ. ರೈತನಾದರೆ ಬಲ, ತಾಳಿಕೆ, ವಿವೇಕ. ಸಿರಿವಂತ ಮನೆತನದವನಾದರೆ ಬಲ, ಬುದ್ಧಿ, ವರ್ಚಸ್ಸು.

ನಾವು ಸಂತೋಷಪಟ್ಟೆವು, ಆಮೇಲೆ ಇನ್ನೊಮ್ಮೆ ಓದಿದೆವು. ಹೊಲ ಉತ್ತವನಿಗೆ ಬುದ್ಧಿಯ ಅಂಕ ಇಲ್ಲಿಯೂ ಇಲ್ಲ. ಹುಟ್ಟಿನಿಂದ ಅಲ್ಲ, ಗುಣದಿಂದ ವರ್ಣ ಎಂದು ಸಮಾಧಾನ ಹೇಳುವವರು ನಮ್ಮಲ್ಲಿಯೂ ಇದ್ದಾರೆ. ಗುಣವೇ ಅಳತೆಯಾದರೆ ಹಳೆಯ ಹಣೆಪಟ್ಟಿಗಳೇಕೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಅವರನ್ನು ಕೇಳಿದ್ದಾರೆ. ಪಟ್ಟಿಯನ್ನು ಒಂದು ಪುಟದಿಂದ ಕಿತ್ತು ಇನ್ನೊಂದು ಪುಟಕ್ಕೆ ಅಂಟಿಸಿದಾಗ ನಮಗೆ ಆ ಪ್ರಶ್ನೆ ನೆನಪಾಗುತ್ತದೆ.

ಅಂದು ನಾವು ಮೇಜು ಬಿಟ್ಟು ಏಳಲಿಲ್ಲ. ಎರಡು ಅಂಕ ತೆತ್ತೆವು. ಮೂರನೆಯ ವಾರ ಗುಹೆಯೊಂದರ ಬಾಗಿಲ ಮೇಲೆ ಬರಹ ಸಿಕ್ಕಿತು. ಆರ್ಕ್ ಭಾಷೆಯ ಬರಹ. ಗುಂಪಿನ ಮಂತ್ರವಾದಿಗೆ ಆ ಭಾಷೆ ಬಾರದು, ಮೇಜಿನ ಸುತ್ತ ಬೇರೆ ಯಾರಿಗೂ ಬಾರದು.

"ನಮ್ಮೋನು ಓದ್ತಾನೆ" ಅಂದೆವು.

ಏನು ಬರೆದಿದೆ ಎಂದು ಗೆಳೆಯ ನಮಗೆ ಹೇಳಲೇಬೇಕಾಯಿತು.