ಸ್ಮಾರಕಗಳ ನಗರದಲ್ಲಿ ಒಂದು ನೆಲಮಾಳಿಗೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ ಹೋದವರು ನೋಡಿ ಬರುವ ಸ್ಥಳಗಳ ಪಟ್ಟಿ ಬಹುಮಟ್ಟಿಗೆ ಒಂದೇ. ಶ್ವೇತಭವನ, ಸಂಸತ್ ಭವನದ ಗುಮ್ಮಟ, ಲಿಂಕನ್ ಸ್ಮಾರಕ, 555 ಅಡಿ ಎತ್ತರದ ವಾಷಿಂಗ್ಟನ್ ಸ್ತಂಭ. ಜೊತೆಯಲ್ಲಿ ಮಕ್ಕಳಿದ್ದರೆ ಸ್ಮಿತ್‌ಸೋನಿಯನ್‌ನ ವೈಮಾನಿಕ ಸಂಗ್ರಹಾಲಯದಲ್ಲಿ ಚಂದ್ರನಿಂದ ತಂದ ಕಲ್ಲನ್ನು ಮುಟ್ಟಿಸಿಕೊಂಡು ಬರುತ್ತಾರೆ. ಇದೇ ನಗರದಲ್ಲಿ ಹದಿನೇಳು ಹದಿನೆಂಟು ವರ್ಷದ ಹುಡುಗರು ತಮ್ಮ ಹಾಡನ್ನು ತಾವೇ ಮುದ್ರಿಸಿ, ತಾವೇ ಮಾರಿ, ನಲವತ್ತು ವರ್ಷಕ್ಕೂ ಮಿಕ್ಕಿ ಉಳಿದಿರುವ ಒಂದು ಸಂಸ್ಥೆಯನ್ನು ಕಟ್ಟಿದ ಜಾಗಗಳೂ ಇವೆ. ಅವು ಯಾವ ಪ್ರವಾಸಿ ಬಸ್ಸಿನ ದಾರಿಯಲ್ಲಿಯೂ ಬರುವುದಿಲ್ಲ.

ಈ ಜಾಗಗಳನ್ನು ಹುಡುಕಿಕೊಂಡು ಹೊರಡುವವರು ಮೆಟ್ರೋ ರೈಲಿನ ಕೆಂಪು ಮಾರ್ಗದಲ್ಲಿ ಟೆನ್ಲಿಟೌನ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಫೋರ್ಟ್ ರೆನೋ ಎಂಬ ಹುಲ್ಲುಗಾವಲಿನ ದಿಬ್ಬ. ಸಮುದ್ರಮಟ್ಟದಿಂದ 409 ಅಡಿ ಎತ್ತರದ ಇದು ನಗರದ ಅತ್ಯುನ್ನತ ನೈಸರ್ಗಿಕ ಸ್ಥಳ. ಅಂತರ್ಯುದ್ಧದ ಕಾಲದಲ್ಲಿ, 1861ರಲ್ಲಿ, ಇಲ್ಲಿ ಕೋಟೆ ಕಟ್ಟಲಾಯಿತು. ಯುದ್ಧದ ನಂತರ ಇಲ್ಲಿ ನೆಲೆ ನಿಂತವರಲ್ಲಿ ಬಹಳಷ್ಟು ಮಂದಿ ಕರಿಯ ಜನಾಂಗದ ಕುಟುಂಬಗಳವರು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಉದ್ಯಾನ, ಜಲಾಶಯ, ಶಾಲೆಗಳಿಗಾಗಿ ಅವರನ್ನು ಎಬ್ಬಿಸಿದರು. ಈಗ ಕೋಟೆಯೂ ಇಲ್ಲ, ಆ ಊರೂ ಇಲ್ಲ. ನೀರಿನ ಗೋಪುರ ಮತ್ತು ಒಂದು ಸಣ್ಣ ವೇದಿಕೆ ಇವೆ. 1968ರಿಂದ ಬೇಸಿಗೆಯ ಸಂಜೆಗಳಲ್ಲಿ ಇಲ್ಲಿ ಉಚಿತ ಸಂಗೀತ ಕಾರ್ಯಕ್ರಮಗಳು ನಡೆಯುತ್ತ ಬಂದಿವೆ.

ದಿಬ್ಬದ ಪಕ್ಕದಲ್ಲಿಯೇ ಒಂದು ದೊಡ್ಡ ಸರ್ಕಾರಿ ಪ್ರೌಢಶಾಲೆ. ಅಧ್ಯಕ್ಷ ವುಡ್ರೋ ವಿಲ್ಸನ್ ಹೆಸರಿನಲ್ಲಿದ್ದ ಇದಕ್ಕೆ 2022ರಲ್ಲಿ ಜಾಕ್ಸನ್-ರೀಡ್ ಎಂದು ಮರುನಾಮಕರಣವಾಯಿತು. ನಮ್ಮ ಕಥೆ ಆರಂಭವಾಗುವುದು ಈ ಶಾಲೆಯ ಹುಡುಗರಿಂದ.

ಪೆಟ್ಟಿಗೆಯಲ್ಲಿ 600 ಡಾಲರ್

1979ರ ಹೊತ್ತಿಗೆ ಇಲ್ಲಿನ ನಾಲ್ವರು ಹುಡುಗರು 'ಟೀನ್ ಐಡಲ್ಸ್' ಎಂಬ ವಾದ್ಯವೃಂದ ಕಟ್ಟಿಕೊಂಡಿದ್ದರು. ಅವರಲ್ಲಿ ಇಯಾನ್ ಮಕಾಯ್ ಮತ್ತು ಜೆಫ್ ನೆಲ್ಸನ್ ಮುಖ್ಯರು. ಅವರು ನುಡಿಸುತ್ತಿದ್ದುದು ಪಂಕ್ ರಾಕ್. ಅಬ್ಬರದ, ಅತಿ ವೇಗದ, ಮುಗಿಯಲು ಒಂದೆರಡು ನಿಮಿಷ ಸಾಕಾಗುವ ಹಾಡುಗಳು. ನಮ್ಮ ಕಿವಿಗೆ ಮೊದಲ ಸಲ ಕೇಳಿದಾಗ ಗದ್ದಲವೆಂದೇ ಅನ್ನಿಸಬಹುದು. ಆದರೆ ಈ ಹುಡುಗರ ಶಿಸ್ತು ಗಮನಿಸುವಂಥದು. ಕಾರ್ಯಕ್ರಮಗಳಿಂದ ಬಂದ ಹಣವನ್ನು ಹಂಚಿಕೊಳ್ಳದೆ ಒಂದು ಪೆಟ್ಟಿಗೆಯಲ್ಲಿ ಹಾಕುತ್ತ ಬಂದರು. ಒಂದು ವರ್ಷ ಕಳೆದು ತಂಡ ಒಡೆಯಿತು. ಆಗ ಪೆಟ್ಟಿಗೆಯಲ್ಲಿ ಇದ್ದದ್ದು ಸುಮಾರು 600 ಡಾಲರ್.

ಹಂಚಿಕೊಂಡರೆ ತಲೆಗೆ 150 ಡಾಲರ್. ನಾಲ್ಕು ದಿನದಲ್ಲಿ ಖರ್ಚಾಗಿ ಹೋಗುವ ಹಣ. ಹಾಗೆ ಮಾಡದೆ, ಈಗಾಗಲೇ ಧ್ವನಿಮುದ್ರಿಸಿಟ್ಟಿದ್ದ ಎಂಟು ಹಾಡುಗಳನ್ನು ಒಂದು ಗ್ರಾಮಫೋನ್ ತಟ್ಟೆಯಾಗಿ ಹೊರತರಲು ನಿರ್ಧರಿಸಿದರು. ಯಾವ ಕಂಪನಿಯೂ ಇಂಥ ಹಾಡುಗಳನ್ನು ಮುಟ್ಟುವಂತಿರಲಿಲ್ಲ. ಆದ್ದರಿಂದ 1980ರ ಕೊನೆಯಲ್ಲಿ ತಾವೇ ಒಂದು ಕಂಪನಿ ಹುಟ್ಟುಹಾಕಿದರು. ಹೆಸರು 'ಡಿಸ್ಕಾರ್ಡ್'. ಅಪಸ್ವರ ಎಂಬರ್ಥದ ಇಂಗ್ಲಿಷ್ ಪದಕ್ಕೆ ಸ್ವರಮೇಳ ಎಂಬರ್ಥದ ಪದವನ್ನು ಬೆಸೆದು ಮಾಡಿದ ಹೆಸರಿದು. ಈಗಿನ ಮಕ್ಕಳು ಹರಟೆಗೆ ಬಳಸುವ ಅದೇ ಉಚ್ಚಾರದ ಆ್ಯಪ್‌ಗೂ ಇದಕ್ಕೂ ಸಂಬಂಧವಿಲ್ಲ.

ಅಚ್ಚಾದದ್ದು 1000 ತಟ್ಟೆಗಳು. ಅವುಗಳಿಗೆ ಹೊದಿಕೆ ಬೇಕಲ್ಲ? ನೆಲ್ಸನ್ ಇಂಗ್ಲೆಂಡಿನ ಒಂದು ರೆಕಾರ್ಡಿನ ರಟ್ಟಿನ ಹೊದಿಕೆಯ ಅಂಟು ಬಿಡಿಸಿ, ಬಿಚ್ಚಿ ಹರಡಿ, ಅದನ್ನು ಹೇಗೆ ಮಡಿಸಿದ್ದಾರೆಂದು ನೋಡಿದ. ಅದೇ ಆಕಾರದಲ್ಲಿ ಹಾಳೆಗಳನ್ನು ಮುದ್ರಿಸಿ ತಂದರು. ಮುಂದೆ ಸಾವಿರ ಹೊದಿಕೆಗಳನ್ನೂ ಗೆಳೆಯರೆಲ್ಲ ಕುಳಿತು ಕತ್ತರಿಯಲ್ಲಿ ಕತ್ತರಿಸಿ, ಮಡಿಸಿ, ಅಂಟಿಸಿದರು. ಹಿಂದೆ ಮುದ್ರಿಸಿದ ಅಂಚೆ ವಿಳಾಸ ಮಕಾಯ್‌ನ ಅಪ್ಪ ಅಮ್ಮನ ಮನೆಯದು! ಮಗ ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸ ಮಾಡಿ ಸಂಪಾದಿಸುತ್ತಿದ್ದ. ಮನೆಗೆ ಬರುವ ಅಪರಿಚಿತರ ಪತ್ರಗಳನ್ನು ಪತ್ರಕರ್ತರಾಗಿದ್ದ ತಂದೆ ಬೇಡವೆನ್ನಲಿಲ್ಲ.

ಮಕಾಯ್ ಕಾಲೇಜಿಗೆ ಸೇರಲಿಲ್ಲ. ಹಾಗೆಂದು ಓದು ವ್ಯರ್ಥವೆಂಬ ಪಾಠವನ್ನು ಯಾರೂ ಇಲ್ಲಿಂದ ಕಲಿಯಬೇಕಾಗಿಲ್ಲ. ಕೈಗೆತ್ತಿಕೊಂಡ ಕೆಲಸದ ಪ್ರತಿ ಹಂತವನ್ನೂ ಬಿಚ್ಚಿ ನೋಡಿ ಕಲಿಯುವುದೂ ಓದೇ ತಾನೆ?

ಆ ತಟ್ಟೆಯ ಮುಖಪುಟದಲ್ಲಿ ಎರಡು ಕೈಗಳ ಚಿತ್ರವಿದೆ. ಎರಡರ ಮೇಲೂ ಕಪ್ಪು ಮಸಿಯ ದೊಡ್ಡ ಗುಣಾಕಾರ ಚಿಹ್ನೆ. ಮದ್ಯ ಮಾರುವ ಸಂಗೀತ ಮಂದಿರಕ್ಕೆ ಬರುವ ಕಿರಿಯರ ಕೈಗೆ ಈ ಗುರುತು ಹಾಕಿ, ಇವರಿಗೆ ಮದ್ಯ ಕೊಡಬಾರದೆಂದು ಸೂಚಿಸುವ ಪದ್ಧತಿಯನ್ನು ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಡಿದ್ದರು. ಹಾಡು ಕೇಳಲು ನಮ್ಮನ್ನು ಬಿಡಿ, ಮದ್ಯ ನಮಗೆ ಬೇಡ ಎಂದು ವಾಷಿಂಗ್ಟನ್ನಿನ ಮಂದಿರದವರನ್ನೂ ಹೀಗೆಯೇ ಒಪ್ಪಿಸಿದರು. ಮುಂದೆ ಮಕಾಯ್ 1981ರಲ್ಲಿ ಕುಡಿತ, ಮಾದಕ ವಸ್ತುಗಳಿಂದ ದೂರವಿರುವುದನ್ನೇ ಹಾಡಾಗಿ ಬರೆದ. ಅದರಿಂದ ಅನೇಕ ದೇಶಗಳ ಯುವಕರಲ್ಲಿ 'ಸ್ಟ್ರೈಟ್ ಎಡ್ಜ್' ಎಂಬ ಜೀವನಕ್ರಮವೇ ಹುಟ್ಟಿಕೊಂಡಿತು.

ಜಿಯೆಂಟಾರಾ ಮನೆಯ ಕೆಳಗೆ

ಪೊಟೊಮ್ಯಾಕ್ ನದಿಯನ್ನು ದಾಟಿದರೆ ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್. ಆ ಎಂಟು ಹಾಡುಗಳು ಮುದ್ರಣಗೊಂಡದ್ದು ಇಲ್ಲಿ, ಡಾನ್ ಜಿಯೆಂಟಾರಾ ಎಂಬುವರ ಮನೆಯ ನೆಲಮಾಳಿಗೆಯಲ್ಲಿ. ಅದಕ್ಕೆ ಅವರಿಟ್ಟ ಹೆಸರು 'ಇನ್ನರ್ ಇಯರ್', ಅಂದರೆ ಒಳಗಿವಿ.

ಒಂದು ಮನೆಯ ನೆಲಮಾಳಿಗೆಯಲ್ಲಿ ಧ್ವನಿಮುದ್ರಣ ಸುಲಭವಲ್ಲ. ಬೇಸ್ ಗಿಟಾರಿನ ಅತ್ಯಂತ ಕೆಳಸ್ವರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿದರೆ ಆ ಸ್ವರದ ತರಂಗದ ಉದ್ದ ಎಂಟು ಮೀಟರಿಗೂ ಹೆಚ್ಚು. ಸಣ್ಣ ಕೋಣೆಯಲ್ಲಿ ಇಂಥ ತರಂಗಗಳು ಗೋಡೆಯಿಂದ ಗೋಡೆಗೆ ಬಡಿದು ಒಂದರ ಮೇಲೊಂದು ಬೀಳುತ್ತವೆ. ಕೆಲವು ಸ್ವರಗಳು ಗುಮ್ಮೆನ್ನುತ್ತವೆ, ಕೆಲವು ಅಡಗಿಹೋಗುತ್ತವೆ. ಮೈಕನ್ನು ಒಂದೆರಡು ಅಡಿ ಸರಿಸಿದರೂ ಫಲಿತಾಂಶವೇ ಬೇರೆ.

ಮೊದಮೊದಲು ಅಲ್ಲಿದ್ದುದು ನಾಲ್ಕು ಪಥಗಳ ಟೇಪ್ ಯಂತ್ರ. ಒಂದೇ ಟೇಪಿನ ಅಗಲದಲ್ಲಿ ನಾಲ್ಕು ಪ್ರತ್ಯೇಕ ಪಟ್ಟಿಗಳಲ್ಲಿ ಶಬ್ದವನ್ನು ಕಾಂತೀಯವಾಗಿ ಬರೆಯಬಹುದು. ನಾಲ್ಕೂ ತುಂಬಿದ ಮೇಲೆ ಇನ್ನೊಂದು ವಾದ್ಯ ಸೇರಿಸಬೇಕಾದರೆ ಎರಡು ಮೂರನ್ನು ಒಂದರೊಳಗೆ ಬೆರೆಸಿ ನಕಲು ಮಾಡಬೇಕು. ಹಾಗೆ ಮಾಡಿದಾಗಲೆಲ್ಲ ಟೇಪಿನ 'ಸ್ಸ್' ಎಂಬ ಹಿನ್ನೆಲೆ ಸದ್ದು ಏರುತ್ತದೆ. ಬೆರೆಸಿದ್ದನ್ನು ಮತ್ತೆ ಬೇರ್ಪಡಿಸಲಾಗದು. ಆದ್ದರಿಂದ ಯಂತ್ರದ ಮುಂದೆ ಬರುವ ಮೊದಲೇ ಹಾಡು ಕೈಗೆ ಕೂತಿರಬೇಕಾಗಿತ್ತು.

ಮಾಡಿದ್ದನ್ನು ಬಿಟ್ಟು ಮತ್ತೆ ಮಾಡಿದ್ದು

1987ರಲ್ಲಿ ಮಕಾಯ್, ಜೋ ಲಾಲಿ, ಬ್ರೆಂಡನ್ ಕ್ಯಾಂಟಿ, ಗೀ ಪಿಚೊಟೊ ಸೇರಿ 'ಫುಗಾಜಿ' ತಂಡ ಕಟ್ಟಿದರು. 1990ರಲ್ಲಿ ಇವರ 'ರಿಪೀಟರ್' ಆಲ್ಬಂ ಹೆಸರು ಮಾಡಿತು. 1992ರ ಕೊನೆಯಲ್ಲಿ ಹೊಸ ಆಲ್ಬಂಗಾಗಿ ಷಿಕಾಗೋಗೆ ಹೋಗಿ ಹೆಸರಾಂತ ಧ್ವನಿಮುದ್ರಕ ಸ್ಟೀವ್ ಆಲ್ಬಿನಿ ಅವರಲ್ಲಿ ಹಾಡುಗಳನ್ನು ಮುದ್ರಿಸಿದರು. ಆಗ ಎಲ್ಲರಿಗೂ ಖುಷಿಯಾಗಿತ್ತು. ಊರಿಗೆ ಬಂದು ಸಾವಧಾನವಾಗಿ ಕೇಳಿದಾಗ ಏನೋ ಕೊರತೆ ಕಂಡಿತು. ಆಲ್ಬಿನಿಯವರೂ ಅದನ್ನೇ ಒಪ್ಪಿದರು.

ಮುಂದೇನು? ಬೆನ್ನ ಹಿಂದೆ ದೊಡ್ಡ ಕಂಪನಿಯ ಹಣವಿಲ್ಲ. ಖರ್ಚಾದದ್ದು ಸ್ವಂತ ಹಣ. ಅಭಿಮಾನಿಗಳು ಹೇಗಿದ್ದರೂ ಕೊಳ್ಳುತ್ತಾರೆಂದು ಬಿಡುಗಡೆ ಮಾಡಬಹುದಿತ್ತು. ಅವರು ಅದನ್ನು ಬದಿಗಿಟ್ಟು, ಆರ್ಲಿಂಗ್ಟನ್ನಿನ ಇನ್ನರ್ ಇಯರ್‌ಗೆ ಮರಳಿ ಎಲ್ಲವನ್ನೂ ಮೊದಲಿನಿಂದ ಮುದ್ರಿಸಿದರು. ಅಷ್ಟು ಹೊತ್ತಿಗೆ ಜಿಯೆಂಟಾರಾ ನೆಲಮಾಳಿಗೆಯಿಂದ ಷರ್ಲಿಂಗ್ಟನ್ ಬಡಾವಣೆಯ ಕಟ್ಟಡವೊಂದಕ್ಕೆ ಬಂದಿದ್ದರು. 1993ರಲ್ಲಿ ಹೊರಬಂದ 'ಇನ್ ಆನ್ ದಿ ಕಿಲ್ ಟೇಕರ್' ಎಂಬ ಆ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಮೊದಲ 200ರ ಪಟ್ಟಿಯೊಳಗೆ ಬಂದಿತು.

ಪ್ರಚಾರದಲ್ಲಿಯೂ ಇವರದು ಬೇರೆ ದಾರಿ. ಪ್ರವೇಶದರ ಸಾಮಾನ್ಯವಾಗಿ 5 ಡಾಲರ್. ಎಲ್ಲ ವಯಸ್ಸಿನವರಿಗೂ ಪ್ರವೇಶ. ತಂಡದ ಹೆಸರಿನ ಬನಿಯನ್ನು, ಟೋಪಿ ಮಾರುವುದಿಲ್ಲ. ಅಂಗಡಿಯವರು ಹೆಚ್ಚಿಗೆ ಕೀಳದಂತೆ ಆಲ್ಬಂನ ಹೊದಿಕೆಯ ಮೇಲೇ ಬೆಲೆ ಮುದ್ರಿಸುವ ರೂಢಿಯೂ ಡಿಸ್ಕಾರ್ಡ್‌ನಲ್ಲಿತ್ತು. ಮದ್ಯ, ಸಿಗರೇಟಿನ ಜಾಹೀರಾತು ಹಾಕುವ ದೊಡ್ಡ ಪತ್ರಿಕೆಗಳಿಗೆ ಸಂದರ್ಶನ ಕೊಡಲಿಲ್ಲ. ದೊಡ್ಡ ಕಂಪನಿಗಳ ಕರೆಗೆ ಓಗೊಡಲಿಲ್ಲ. ಜಾಹೀರಾತಿನ ಬದಲು ಊರೂರು ತಿರುಗಿದರು. 2002ರವರೆಗೆ ಅವರು ಕೊಟ್ಟ ಕಾರ್ಯಕ್ರಮಗಳು ಸಾವಿರಕ್ಕೂ ಹೆಚ್ಚು. ಕೊಲ್ಲಿ ಯುದ್ಧದ ಹೊಸ್ತಿಲಲ್ಲಿ, 1991ರ ಜನವರಿ 12ರ ಚಳಿಯಲ್ಲಿ, ಶ್ವೇತಭವನದ ಎದುರಿನ ಲಫಾಯೆಟ್ ಉದ್ಯಾನದಲ್ಲಿ ಯುದ್ಧ ಬೇಡವೆಂದು ನುಡಿಸಿದ್ದೂ ಅದರಲ್ಲಿ ಒಂದು. ಫೋಟೋ ತೆಗೆಸಿಕೊಳ್ಳಲು ಪ್ರವಾಸಿಗರು ನಿಲ್ಲುವ ಜಾಗವೇ ಅದು. ಫೋರ್ಟ್ ರೆನೋ ದಿಬ್ಬದ ಮೇಲಂತೂ ಎಷ್ಟೋ ಬೇಸಿಗೆಗಳಲ್ಲಿ ಬಿಟ್ಟಿಯಾಗಿ ನುಡಿಸಿದರು.

ಈಗ ನೋಡಲು ಏನಿದೆ?

ಷರ್ಲಿಂಗ್ಟನ್ನಿನ ಇನ್ನರ್ ಇಯರ್ 2021ರಲ್ಲಿ ಮುಚ್ಚಿತು. ಸ್ಥಳೀಯ ಆಡಳಿತ ಆ ಜಾಗವನ್ನು ಕೊಂಡುಕೊಂಡಿತು. 2014ರಲ್ಲಿ ಫೂ ಫೈಟರ್ಸ್‌ನಂಥ ಪ್ರಸಿದ್ಧ ತಂಡ ಹುಡುಕಿಕೊಂಡು ಬಂದು ಹಾಡು ಮುದ್ರಿಸಿಕೊಂಡು ಹೋದ ಸ್ಥಳವಿದು. ಅದರ ನಾಯಕ ಡೇವ್ ಗ್ರೋಲ್ ಬೆಳೆದದ್ದು ಸಮೀಪದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಈ ಹುಡುಗರ ಸಂಗೀತ ಕೇಳುತ್ತ.

ಆದರೆ ನಗರದ ನಡುವೆ ಇರುವ ಮಾರ್ಟಿನ್ ಲೂಥರ್ ಕಿಂಗ್ ಸಾರ್ವಜನಿಕ ಗ್ರಂಥಾಲಯಕ್ಕೆ ಯಾರು ಬೇಕಾದರೂ ಹೋಗಬಹುದು. 2014ರಲ್ಲಿ ಅಲ್ಲಿ ಈ ಸಂಗೀತಕ್ಕೆಂದೇ ಒಂದು ದಾಖಲೆ ಸಂಗ್ರಹ ಆರಂಭವಾಯಿತು. ರೆಕಾರ್ಡುಗಳು, ಕೈಬರಹದ ಭಿತ್ತಿಪತ್ರಗಳು, ಹುಡುಗರು ಜೆರಾಕ್ಸ್ ಮಾಡಿ ಹಂಚುತ್ತಿದ್ದ ಸಣ್ಣ ಪತ್ರಿಕೆಗಳು ಅಲ್ಲಿವೆ. ಒಂದು ಕಾಲಕ್ಕೆ ಮನೆಯವರೇ ಕಸವೆಂದು ಎಸೆಯುತ್ತಿದ್ದ ಕಾಗದಗಳಿಗೆ ಈಗ ಗ್ರಂಥಪಾಲಕರ ಕಾವಲು.

ಫುಗಾಜಿ 2003ರಿಂದ ವಿರಾಮದಲ್ಲಿದೆ. ತಂಡದವರು ಮೊದಲಿನಿಂದಲೂ ತಮ್ಮ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಇಟ್ಟುಕೊಂಡಿದ್ದರು. ಅಂಥ ಸುಮಾರು 800 ಮುದ್ರಣಗಳನ್ನು 2011ರಿಂದ ಕೇಳುಗರಿಗೆ ಒದಗಿಸತೊಡಗಿದರು. ಸೂಚಿಸಿದ ಬೆಲೆ ಅದೇ ಹಳೆಯ 5 ಡಾಲರ್. ಡಿಸ್ಕಾರ್ಡ್ ಕೂಡ ತನ್ನ ಊರಿನ ತಂಡಗಳ ಹಾಡುಗಳನ್ನೇ ನೆಚ್ಚಿಕೊಂಡು ಬದುಕಿದೆ. ಆ 600 ಡಾಲರನ್ನು ಅಂದು ನಾಲ್ವರೂ ಹಂಚಿಕೊಂಡಿದ್ದರೆ ಇದಾವುದೂ ಇರುತ್ತಿರಲಿಲ್ಲ.