ಆಕ್ಸನ್‌ಮೂಟ್, ಆಗ ಮತ್ತು ಈಗ

ನಾನು ಮೊದಲ ಸಲ ಆಕ್ಸನ್‌ಮೂಟ್‌ಗೆ ಹೋದಾಗ ಪೀಟರ್ ಜಾಕ್ಸನ್‌ರ ಮೂರೂ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳು ಬಂದು ಕೆಲವು ವರ್ಷಗಳಾಗಿದ್ದವು. ಜೆ.ಆರ್.ಆರ್. ಟೋಲ್ಕೀನ್ ಅಭಿಮಾನಿಗಳು ಆಕ್ಸ್‌ಫರ್ಡಿನಲ್ಲಿ ವರ್ಷಕ್ಕೊಮ್ಮೆ ಸೇರುವ ಈ ಸಮ್ಮೇಳನ ಶುರುವಾದದ್ದು 1974ರಲ್ಲಿ, ಟೋಲ್ಕೀನ್ ತೀರಿಕೊಂಡ ಮರುವರ್ಷ. ನಡೆಸುವುದು 1969ರಲ್ಲಿ ವೆರಾ ಚಾಪ್‌ಮನ್ ಕಟ್ಟಿದ ಟೋಲ್ಕೀನ್ ಸೊಸೈಟಿ. ಸಿನಿಮಾ ನೋಡಿ ಬಂದವರು, ಪುಸ್ತಕ ಓದಿಯೇ ಬೆಳೆದವರು ಎಂದು ಆಗ ಎರಡು ಪಂಗಡ ಎದ್ದು ಕಾಣುತ್ತಿತ್ತು. ಪುಸ್ತಕದಲ್ಲಿರುವ ಟಾಮ್ ಬಾಂಬಡಿಲ್‌ನನ್ನು ಸಿನಿಮಾದಿಂದ ಕೈಬಿಟ್ಟದ್ದು ಸರಿಯೇ ಎಂದು ಊಟದ ಮೇಜಿನಲ್ಲೇ ಜಗಳ. ನಾನು ಪುಸ್ತಕದವರ ಕಡೆ, ಈಗಲೂ ಅಷ್ಟೇ.

ರಜೆಯಲ್ಲಿ ಖಾಲಿ ಬಿದ್ದ ಕಾಲೇಜು ಕೋಣೆಗಳಲ್ಲಿ ವಾಸ. ಚಿತ್ರಪ್ರದರ್ಶನ, ಹರಾಜು, ರಾತ್ರಿ ವೇಷ ಹಾಕಿಕೊಂಡು ಕುಣಿತ ಎಲ್ಲ ಇದ್ದವು. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಪ್ರಬಂಧಗಳು. ಪ್ರಾಧ್ಯಾಪಕರೊಬ್ಬರ ಬೆನ್ನಿಗೇ ಯಾವುದೋ ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವ ನೌಕರರೊಬ್ಬರು ಎದ್ದರು. ಕಥಾನಾಯಕ ಫ್ರೋಡೋ ನಡೆದ ದಾರಿಯುದ್ದಕ್ಕೂ ಕಾಣುವ ಚಂದ್ರ ಆಯಾ ದಿನದ ಲೆಕ್ಕಕ್ಕೆ ತಾಳೆಯಾಗುತ್ತಾನೆಯೇ ಎಂಬುದು ಅವರ ವಿಷಯ. ಚಂದ್ರನ ಲೆಕ್ಕ ತಪ್ಪಿತೆಂದು ಬರೆದದ್ದನ್ನೇ ತಿದ್ದಿದವರು ಟೋಲ್ಕೀನ್. ಹಾಗಾಗಿ ಪ್ರಶ್ನೆ ಹುಡುಗಾಟದ್ದಲ್ಲ. ಪ್ರಾಧ್ಯಾಪಕರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಪದವಿ ಕೇಳದೆ ಓದಿದ್ದೀಯಾ ಎಂದಷ್ಟೇ ಕೇಳುವ ಇಂಥ ಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷಗಳಲ್ಲಿ ಮಗಳು ಪ್ರಿಸಿಲ್ಲಾ ಟೋಲ್ಕೀನ್ ಮೂಟ್‌ಗೆ ಬರುತ್ತಿದ್ದರು. ಕ್ರಿಸ್‌ಮಸ್ ತಾತನ ಹೆಸರಿನಲ್ಲಿ ಅಪ್ಪ ಮಕ್ಕಳಿಗೆ ಬರೆಯುತ್ತಿದ್ದ ಪತ್ರಗಳಲ್ಲಿ ಕೊನೆಯದು, 1943ರದು, ಬಂದದ್ದು ಅವರಿಗೇ. ಅಪ್ಪನ ಹಸ್ತಪ್ರತಿಗಳನ್ನು ದಶಕಗಟ್ಟಲೆ ಸಂಪಾದಿಸಿದ ಮಗ ಕ್ರಿಸ್ಟೋಫರ್ 2020ರಲ್ಲಿ ಹೋದರು, ಪ್ರಿಸಿಲ್ಲಾ 2022ರಲ್ಲಿ. ಟೋಲ್ಕೀನ್, ಸಿ.ಎಸ್. ಲೂಯಿಸ್ ಮತ್ತು ಗೆಳೆಯರು ಕೂತು ಹರಟುತ್ತಿದ್ದ ಈಗಲ್ ಅಂಡ್ ಚೈಲ್ಡ್ ಪಬ್ ಕೂಡ 2020ರಲ್ಲಿ ಬಾಗಿಲು ಹಾಕಿತು. 2023ರಲ್ಲಿ ಉದ್ಯಮಿ ಲ್ಯಾರಿ ಎಲಿಸನ್‌ರ ಸಂಸ್ಥೆ ಅದನ್ನು ಕೊಂಡಿತು. ಎದುರಿನ ಲ್ಯಾಂಬ್ ಅಂಡ್ ಫ್ಲ್ಯಾಗ್ ಸಹ ಮುಚ್ಚಿತ್ತು. ಊರಿನವರೇ ಸೇರಿ 2022ರಲ್ಲಿ ತೆರೆಸಿದರು. ಈಗ ಮೂಟ್‌ನವರ ಬಿಡುವಿನ ಹರಟೆ ಅಲ್ಲಿ.

ಭಾನುವಾರ ಬೆಳಿಗ್ಗೆ ಟೋಲ್ಕೀನ್ ಮಲಗಿರುವ ವುಲ್ವರ್ಕೋಟ್ ಸಮಾಧಿಸ್ಥಳಕ್ಕೆ ಹೋಗುವುದು ಮಾತ್ರ ತಪ್ಪಿಲ್ಲ. ದಾರಿ ತೋರಿಸಲು ಅಲ್ಲಲ್ಲಿ ಪುಟ್ಟ ಫಲಕಗಳಿವೆ. ಬೂದು ಗ್ರಾನೈಟ್ ಕಲ್ಲಿನಲ್ಲಿ ಹೆಂಡತಿ ಈಡಿತ್ ಹೆಸರಿನ ಕೆಳಗೆ ಲೂಥಿಯೆನ್, ಅವರ ಹೆಸರಿನ ಕೆಳಗೆ ಬೆರೆನ್; ಅವರದೇ ಕಥೆಯ ಪ್ರೇಮಿಗಳು. ಕಲ್ಲಿನ ಮುಂದೆ ನೆಟ್ಟ ಗಿಡಗಳ ಸಂದಿಯಲ್ಲಿ ಬಾಲ್‌ಪೆನ್ನು, ಮಳೆಗೆ ಶಾಯಿ ಕದಡಿದ ಚೀಟಿ, ನಾಣ್ಯ, ಅಗ್ಗದ ಹಿತ್ತಾಳೆ ಉಂಗುರ. ಒಂದಿಷ್ಟು ಓದು, ಒಂದು ಹೂಚಕ್ರ, ಮುಗಿಯಿತು. ಈ ಸಂಯಮ ನನಗೆ ಇಷ್ಟ.

ನಿಜವಾಗಿ ಬದಲಾದದ್ದು ಬಾಗಿಲು. 2020ರಲ್ಲಿ ಕೋವಿಡ್‌ನಿಂದಾಗಿ ಮೂಟ್ ಪೂರ್ತಿ ಆನ್‌ಲೈನ್ ಆಯಿತು. ಮರುವರ್ಷದಿಂದ ಸಭಾಂಗಣ, ಪರದೆ ಎರಡೂ ಕಡೆ ನಡೆಯುತ್ತಿದೆ. ಹಳಬರಲ್ಲಿ ಕೆಲವರಿಗೆ ಇದು ಸರಿಬಂದಿಲ್ಲ. ಪರದೆಯಲ್ಲಿ ಮೆಟ್ಟಿಲ ಮೇಲಿನ ಮಾತು ಸಿಗುವುದಿಲ್ಲ ಎನ್ನುತ್ತಾರೆ, ಅದು ನಿಜವೇ. ಆದರೆ ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೆ, ಬಸ್ಸು ಹತ್ತಿ ಹೋದೆ. ನನಗಿಂತ ಚೆನ್ನಾಗಿ ಓದಿಕೊಂಡಿದ್ದ ಬೆಂಗಳೂರಿನ ಗೆಳೆಯರಿಗೆ ವೀಸಾ, ವಿಮಾನದ ಖರ್ಚು ದಾಟಲಾಗಲಿಲ್ಲ. ಮೆಟ್ಟಿಲ ಮಾತಿಗಾಗಿ ಅವರನ್ನು ಮತ್ತೆ ಹೊರಗಿಡಲು ನಾನು ಒಪ್ಪುವುದಿಲ್ಲ.

ಈಚಿನ ಒಂದು ಮೂಟ್‌ನಲ್ಲಿ ಮಡಿಕೇರಿ ಕಡೆಯ ಹುಡುಗಿಯೊಬ್ಬಳು ಪರದೆಯಲ್ಲಿ ಮಾತಾಡಿದಳು. ಮರ ಕಾಯುವ ಎಂಟ್‌ಗಳ ಫ್ಯಾಂಗಾರ್ನ್ ಕಾಡನ್ನು ಕೊಡಗಿನ ದೇವರಕಾಡುಗಳ ಪಕ್ಕದಲ್ಲಿಟ್ಟು ನೋಡಿದ್ದಳು. ಮಾಂತ್ರಿಕ ಸರುಮಾನ್ ಕಡಿಸಿದ ಮರಗಳಿಗೂ ಕಾಫಿ ತೋಟಗಳ ಒತ್ತುವರಿಗೂ ಹೋಲಿಕೆ ಎಲ್ಲಿಯವರೆಗೆ ಸರಿ ಎಂದು ಸಭೆಯಿಂದ ಪ್ರಶ್ನೆ ಬಂತು. ಬೆಳೆಗಾರನಿಗೆ ಹೊಟ್ಟೆಪಾಡಿದೆ, ಸರುಮಾನ್‌ಗೆ ಬರೀ ಅಧಿಕಾರದ ಹಸಿವು. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ ಎಂದಳು. ಎಲ್ಲ ಒತ್ತುವರಿಯೂ ಹೊಟ್ಟೆಪಾಡಿನದಲ್ಲ ಎಂದು ನಾನು ಆಮೇಲೆ ಅವಳಿಗೆ ಬರೆದೆ. ಆ ವಾದ ಇಮೇಲ್‌ನಲ್ಲಿ ಇನ್ನೂ ನಡೆದಿದೆ.